ತಿನ್ನೋದು ಅಷ್ಟೇ, ಗಾಡಿ ಬಂದ್ಮೇಲೆ 11 ಕೆಜಿ ಏರಿದೀನಿ, ದಿನಾ ವಾಕಿಂಗ್ ಮಾಡಿದ್ರೂ ಯಾಕೆ ಇಳೀತಿಲ್ಲ?

ಚೌಕಿಪೇಟೆ_ಬಿಟ್ಟವಳು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನನಗೀಗ 39, ಎತ್ತರ 5 ಅಡಿ 1 ಇಂಚು, ತೂಕ 72. ಐದು ವರ್ಷದ ಹಿಂದೆ 61 ಇದ್ದೆ. ಎರಡು ಬಾಣಂತನ ಆದ್ಮೇಲೂ 61 ದಾಟಿದೋಳಲ್ಲ, ಹಂಗಾಗಿ ಇದು ಬಾಣಂತನದ ಮೈ ಅಂತ ಯಾರೂ ಹೇಳ್ಬೇಡಿ, ಅದನ್ನ ನಮ್ಮತ್ತೆ ಆಗ್ಲೇ ಹೇಳಿ ಮುಗಿಸಿದಾರೆ.

ಮೊದ್ಲು ನಾವು ದಾವಣಗೆರೆ ಹಳೇ ಊರಲ್ಲೇ ಇದ್ವಿ, ಚೌಕಿಪೇಟೆ ಹತ್ರ ಬಾಡಿಗೆ ಮನೆ. ಮೇಲಿನ ಮನೆ, ನಲ್ಲಿ ಕೆಳಗೆ. ನೀರು ಬಿಟ್ಟ ದಿನ ಹದಿನೈದು ಇಪ್ಪತ್ತು ಕೊಡ ಮೇಲಕ್ಕೆ ಹೊತ್ತಿದ್ದೇ ಹೊತ್ತಿದ್ದು. ಬೆಳಿಗ್ಗೆ ಹಾಲಿಗೆ ಹೋಗಾದು, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರಾದು, ಮಧ್ಯಾಹ್ನ ಸಣ್ಣೋನನ್ನ ಕರ್ಕೊಂಡ್ ಬರಾದು, ಸಂಜೆ ದೊಡ್ಡೋಳನ್ನ, ಮಧ್ಯ ಮಾರ್ಕೆಟ್ಟಿಗೆ ಒಂದ್ಸಲ, ಮಂಗಳವಾರ ಶುಕ್ರವಾರ ದುಗ್ಗಮ್ಮನ ಗುಡಿಗೆ. ಇದನ್ನ ವಾಕಿಂಗ್ ಅಂತ ಯಾವತ್ತೂ ಅಂದ್ಕೊಂಡಿರಲಿಲ್ಲ, ಕೆಲ್ಸ ಅಂದ್ಕೊಂಡಿದ್ದೆ, ಸಾಕಪ್ಪ ಸಾಕು ಅಂತ ಬೈಕೊಂಡೇ ಓಡಾಡ್ತಿದ್ದೆ.

ಆಮೇಲೆ ರಿಂಗ್ ರೋಡ್ ಆಚೆ ಹೊಸ ಲೇಔಟಲ್ಲಿ ಸ್ವಂತ ಮನೆ ಆಯ್ತು. ಒಂದೇ ಮಹಡಿ, ಸಂಪು, ಮೋಟ್ರು, ಬಟನ್ ಒತ್ತಿದ್ರೆ ಟ್ಯಾಂಕ್ ತುಂಬುತ್ತೆ. ಮನೆಯವರು ನಂಗೊಂದು ಸ್ಕೂಟಿ ಕೊಡ್ಸಿದ್ರು. ಹಾಲು ಮನೆ ಬಾಗ್ಲಿಗೆ, ಮಕ್ಕಳಿಗೆ ಸ್ಕೂಲ್ ವ್ಯಾನು. ಕೊತ್ತಂಬರಿ ಬೇಕು ಅಂದ್ರೂ ಗಾಡಿ. ಮಧ್ಯಾಹ್ನ ಬ್ಲೌಸ್ ಹೊಲಿತೀನಿ, ಮಿಷಿನ್ನಿಗೂ ಮೋಟ್ರು ಹಾಕ್ಸಿದೀವಿ, ಕಾಲು ತುಳಿಯೋದೂ ಇಲ್ಲ.

ತಿನ್ನೋದ್ರಲ್ಲಿ ಏನೂ ಹೆಚ್ಚಾಗಿಲ್ಲ, ಆಣೆ ಮಾಡಿ ಹೇಳ್ತೀನಿ. ಅದೇ ಎರಡು ರೊಟ್ಟಿ, ಪಲ್ಯ, ಅನ್ನ ಸಾರು, ಸಂಜೆ ಒಂದು ಹಿಡಿ ಮಂಡಕ್ಕಿ. ಥೈರಾಯ್ಡ್ ಟೆಸ್ಟ್ ಮಾಡ್ಸಿದೆ, ನಾರ್ಮಲ್. ಮೂರು ತಿಂಗಳ ಸರಾಸರಿ ಶುಗರ್ 5.9 ಬಂತು, ಡಾಕ್ಟರು ಇನ್ನೂ ಶುಗರ್ ಅಲ್ಲ ಆದ್ರೆ ಬಾಗ್ಲಿಗೆ ಬಂದಿದೆ, ವಾಕಿಂಗ್ ಮಾಡಿ ಅಂದ್ರು. ಎಂಟು ತಿಂಗಳಿಂದ ಬೆಳಿಗ್ಗೆ ಕುಂದವಾಡ ಕೆರೆಗೆ ಹೋಗ್ತಿದೀನಿ, ನಲವತ್ತು ನಿಮಿಷ, ವಾರಕ್ಕೆ ಐದು ದಿನ ತಪ್ಸಲ್ಲ. ಇಳಿದಿದ್ದು 400 ಗ್ರಾಂ. ಅದೂ ಒಂದ್ ಲೋಟ ನೀರು ಕುಡುದ್ರೆ ವಾಪಸ್ ಬರುತ್ತೆ. ಮೊದ್ಲು ವಾಕಿಂಗ್ ಅನ್ನೋದೇ ಮಾಡ್ದೆ ತೆಳ್ಳಗಿದ್ದೆ, ಈಗ ಶೂ ಹಾಕ್ಕೊಂಡು ವಾಕಿಂಗ್ ಮಾಡ್ತಾ ದಪ್ಪ ಇದೀನಿ, ಇದು ಯಾವ ನ್ಯಾಯ?

ಮಿರ್ಚಿ_ಮಂಡಕ್ಕಿ:

ಅಕ್ಕ, ಬೇಜಾರಾಗ್ಬೇಡಿ, ಕೆರೆಗೆ ಹೆಂಗೆ ಹೋಗ್ತೀರಾ? ಗಾಡೀಲಿ ತಾನೇ? 😄 ಗಾಡೀಲಿ ಹೋಗಿ ನಡ್ದು ಗಾಡೀಲಿ ವಾಪಸ್.

ನನ್ನ ಪ್ರಕಾರ ವಾಕಿಂಗು ಗೀಕಿಂಗು ಎಲ್ಲ ಸುಳ್ಳು, ಎಲ್ಲ ಬಾಯಲ್ಲಿರೋದು. ಕೆರೆ ಹತ್ರ ನಾನೂ ನೋಡಿದೀನಿ, ಎರಡು ರೌಂಡ್ ಹೊಡ್ದು ಸೀದಾ ಹೋಟ್ಲಿಗೆ ಬಂದು ಬೆಣ್ಣೆ ದೋಸೆ ಮೇಲೆ ಇನ್ನೊಂದ್ ಬೆಣ್ಣೆ ಹಾಕ್ಸೋರು ಎಷ್ಟು ಜನ. ಒಂದು ದೊಡ್ಡ ಚಮಚ ಬೆಣ್ಣೆ ಅಂದ್ರೆ 100 ಕ್ಯಾಲರಿ. ಮೂರು ಕಿಲೋಮೀಟರ್ ನಡ್ದಿದ್ದು ಹೆಂಚಿನ ಮೇಲೆ ಎರಡನೇ ದೋಸೆ ಮಗುಚೋ ಹೊತ್ತಿಗೆ ವಾಪಸ್ ಬಂತು. ‘ತಿನ್ನೋದು ಅಷ್ಟೇ’ ಅಂತ ಎಲ್ರೂ ಹೇಳ್ತಾರೆ, ನಾನೂ ಹೇಳ್ತೀನಿ, ನನ್ನ ಹೊಟ್ಟೆ ನೋಡಿದ್ರೆ ಯಾರೂ ನಂಬಲ್ಲ.

ರೈಟ್_ರೈಟ್:

ತಂಗಿ, ನಾನು 31 ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋನು, ರಿಟೈರ್ ಆಗಿ ಆರು ವರ್ಷ ಆಯ್ತು, ನಿನ್ನ ಕತೇನೇ ನನ್ನ ಕತೆ. ಸರ್ವೀಸಲ್ಲಿ ಇದ್ದಾಗ ನಾನು ಒಂದು ದಿನ ವಾಕಿಂಗ್ ಅಂತ ಹೋದೋನಲ್ಲ. ಯಾಕೆ ಹೋಗ್ಬೇಕಿತ್ತು? ದಾವಣಗೆರೆ ಬಿಟ್ಟು ಹರಿಹರ ಬರೋದ್ರೊಳಗೆ ಮುಂದಿನ ಬಾಗ್ಲಿಂದ ಹಿಂದಿನ ಬಾಗ್ಲಿಗೆ ಎಷ್ಟು ಸಲ, ರಶ್ ಇದ್ರೆ ಒಂದು ಕೈ ಮೇಲಿನ ರಾಡು ಒಂದು ಕೈ ಟಿಕೆಟ್ಟು, ಕಾಲಿಗೆ ಬ್ರೇಕ್ ಹೊಡ್ದಾಗೆಲ್ಲ ಕಸರತ್ತು. ಕುಂತ್ಕೊಳ್ಳೋಕೆ ಸೀಟ್ ಐತೆ ಕಂಡಕ್ಟರಿಗೆ, ಆದ್ರೆ ಅದ್ರಲ್ಲಿ ಯಾವಾಗ್ಲೂ ಯಾರೋ ಮುದುಕಿ ಕುಂತಿರ್ತಾಳೆ, ಎಬ್ಬಿಸೋಕಾಗುತ್ತಾ.

ನಮ್ ಡ್ರೈವರು ಅದೇ ಬಸ್ಸು, ಅದೇ ಟೈಮು, ಅದೇ ಡಾಬಾ ಊಟ, ಇನ್ನೂ ಹೇಳ್ಬೇಕಂದ್ರೆ ನನಗಿಂತ ಒಂದು ಮುದ್ದೆ ಕಮ್ಮೀನೇ ತಿಂತಿದ್ದ. ಯೂನಿಫಾರಂ ಬಟ್ಟೆ ಕೊಟ್ಟಾಗ ಇಬ್ರೂ ಒಂದೇ ಟೈಲರ್ ಹತ್ರ ಹೋಗ್ತಿದ್ವಿ, ನನ್ನ ಸೊಂಟ 32ರಲ್ಲೇ ನಿಂತಿತ್ತು, ಅವಂದು 34, 36, 38, ಟೈಲರ್ ನಗ್ತಿದ್ದ, ಈ ಸಲ ಬಟ್ಟೆ ಸಾಕಾಗಲ್ಲ ಅಂತ.

ಇದನ್ನ ನನ್ನ ಮಗಳಿಗೆ ಹೇಳಿದ್ರೆ, ಅವಳು ನರ್ಸಿಂಗ್ ಓದಿರೋಳು, ಅಪ್ಪ ಇದನ್ನ ಲಂಡನ್ನಲ್ಲಿ ಆಗ್ಲೇ ಅಳತೆ ಮಾಡಿ ನೋಡಿದಾರೆ ಅಂದ್ಲು. ಜೆರ್ರಿ ಮಾರಿಸ್ ಅಂತ ಡಾಕ್ಟರು, 1953ರಲ್ಲಿ ಲಂಡನ್ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಕಂಡಕ್ಟರ್‌ಗಳನ್ನ ಹೋಲಿಸಿ, ದಿನಾ ಮೆಟ್ಲು ಹತ್ತಿ ಇಳಿಯೋ ಕಂಡಕ್ಟರಿಗೆ ಹಾರ್ಟ್ ಕಾಯಿಲೆ ಕಮ್ಮಿ ಅಂತ ಬರೆದ್ರಂತೆ. ಆಮೇಲೆ 1956ರಲ್ಲಿ ಅವರ ಯೂನಿಫಾರಂ ಪ್ಯಾಂಟಿನ ಅಳತೆ ಪುಸ್ತಕ ತೆಗ್ದು ನೋಡಿದ್ರೆ ಡ್ರೈವರ್‌ಗಳ ಸೊಂಟ ದಪ್ಪ! ನಮ್ ಟೈಲರಿಗೆ ಕಾಗದ ಬರೆಯೋಕೆ ಬಂದಿದ್ರೆ ಅವನೇ ಡಾಕ್ಟರ್ ಆಗ್ತಿದ್ದ.

ರಿಟೈರ್ ಆದ್ಮೇಲೆ ನಾನು ಎಂಟು ಕೆಜಿ ಏರಿದೀನಿ. ದಿನಾ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಅರ್ಧ ಗಂಟೆ ನಡೀತೀನಿ. ಉಳಿದ ಇಪ್ಪತ್ಮೂರೂವರೆ ಗಂಟೆ ಏನ್ ಮಾಡ್ತೀನಿ ಅಂತ ನಮ್ಮನೆಯವಳನ್ನ ಕೇಳ್ಬೇಕು.

ಲೆಕ್ಕದ_ಮೇಷ್ಟ್ರು:

ಮೇಡಂ, ನಿಮ್ಮ ಪ್ರಶ್ನೆ ಚೆನ್ನಾಗಿದೆ, ಲೆಕ್ಕ ಮಾಡೋಣ ಬನ್ನಿ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಲ್ಲಿ ಗಣಿತ ಹೇಳೋನು, ಶುಗರ್ ಬಂದ್ಮೇಲೆ ಇದರ ಬಗ್ಗೆ ಓದೋ ಚಟ ಹತ್ತಿದೆ.

ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲರಿ ಅಂತಾರೆ. ನಿಮ್ಮ 11 ಕೆಜಿ ಗುಣಿಸಿದ್ರೆ 84,700. ಐದು ವರ್ಷ ಅಂದ್ರೆ 1,825 ದಿನ. ಭಾಗಿಸಿ, ದಿನಕ್ಕೆ 46 ಕ್ಯಾಲರಿ ಬರುತ್ತೆ. 46 ಅಂದ್ರೆ ಏನು? ಅರ್ಧ ದೊಡ್ಡ ಚಮಚ ಬೆಣ್ಣೆ ಅಥವಾ ಒಂದು ಒಂದೂಕಾಲು ಕಿಲೋಮೀಟರ್ ನಡಿಗೆ. ಇದನ್ನ ನೋಡಿ ನಾನು ಮೊದಲು ಕುಣಿದಾಡಿದ್ದೆ, ಅಯ್ಯೋ ಇಷ್ಟೇನಾ ಅಂತ.

ಆದ್ರೆ ಈ ಲೆಕ್ಕ ತಪ್ಪು, ಮಕ್ಕಳು ಹಿಂಗೆ ಮಾಡಿದ್ರೆ ನಾನು ಸೊನ್ನೆ ಕೊಡ್ತೀನಿ. ಯಾಕೆ ಅಂದ್ರೆ ತೂಕ ಏರ್ತಾ ಏರ್ತಾ ಮೈಯ ಖರ್ಚೂ ಏರುತ್ತೆ, 72 ಕೆಜಿ ಮೈಯನ್ನ ಸಾಕೋಕೆ 61 ಕೆಜಿಗಿಂತ ಜಾಸ್ತಿ ಬೇಕು. ಕೆವಿನ್ ಹಾಲ್ ಅಂತ ಒಬ್ಬ ಅಮೆರಿಕದ ವಿಜ್ಞಾನಿ 2011ರಲ್ಲಿ ಇದನ್ನ ಸರಿ ಮಾಡಿದ್ರು. ಅವರ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ನಾಲ್ಕು ಕ್ಯಾಲರಿ ಕಾಯಂ ವ್ಯತ್ಯಾಸ ಆದ್ರೆ ಒಂದು ಕೆಜಿ ಬದಲಾಗುತ್ತೆ, ಅದ್ರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಪೂರ್ತಿ ಆಗೋಕೆ ಸುಮಾರು ಮೂರು ವರ್ಷ, ಆಮೇಲೆ ನಿಂತು ಬಿಡುತ್ತೆ. ಅಂದ್ರೆ ನಿಮ್ಮ 11 ಕೆಜಿ ಹಿಂದೆ ಇರೋದು ದಿನಕ್ಕೆ 240ರ ಆಸುಪಾಸು, 46 ಅಲ್ಲ.

ಈಗ ನಡಿಗೆ ಕಡೆಯಿಂದ ನೋಡಿ. ಸುಮ್ನೆ ಕುಂತಿದ್ರೂ ಆಗೋ ಖರ್ಚು ಕಳೆದ್ರೆ 70 ಕೆಜಿ ಮನುಷ್ಯನಿಗೆ ಒಂದು ಕಿಲೋಮೀಟರ್ ನಡೆಯೋಕೆ 35 ಕ್ಯಾಲರಿ ಅಂದಾಜು. 240 ಬೇಕಂದ್ರೆ ಏಳು ಕಿಲೋಮೀಟರ್. ಕೆರೆ ಮೇಲೆ ನಲವತ್ತು ನಿಮಿಷ ಅಂದ್ರೆ ಮಾತಾಡ್ಕೊಂಡು ನಡೆದ್ರೆ ಎರಡೂವರೆ ಮೂರು ಕಿಲೋಮೀಟರ್, ನೂರು ಕ್ಯಾಲರಿ, ಅದೂ ವಾರಕ್ಕೆ ಐದೇ ದಿನ. ಅದೇ ಲೆಕ್ಕದಲ್ಲಿ ಎಲ್ಲ ಸರಿಯಾಗಿ ನಡೆದ್ರೆ ಮೂರು ವರ್ಷದಲ್ಲಿ ಮೂರು ಕೆಜಿ ಇಳೀಬಹುದು ನೋಡಿ. ಎಂಟು ತಿಂಗಳಿಗೆ ಒಂದೂಕಾಲು ಕೆಜಿ ಆದ್ರೂ ಆಗ್ಬೇಕಿತ್ತು, 400 ಗ್ರಾಂ ಅಂದ್ರೆ ಉಳಿದಿದ್ದು ಎಲ್ಲೋ ತುಂಬಿಕೊಳ್ತಿದೆ, ಒಂದೋ ಬಾಯಲ್ಲಿ, ಇಲ್ಲಾಂದ್ರೆ ವಾಕಿಂಗ್ ಆಯ್ತಲ್ಲ ಅಂತ ಆಮೇಲೆ ಕುಂತುಬಿಡೋದ್ರಲ್ಲಿ.

ಒಂದು ಕೆಲ್ಸ ಮಾಡಿ. ಚೌಕಿಪೇಟೆ ಮನೇಲಿ ಇದ್ದಾಗ ದಿನಕ್ಕೆ ಎಷ್ಟು ನಡೀತಿದ್ರಿ ಅಂತ ನೆನಪು ಮಾಡ್ಕೊಂಡು ಬರೀರಿ, ಈಗಿಂದು ಫೋನಲ್ಲಿ ನೋಡಿ ಬರೀರಿ. ಫೋನ್ ಸೊಂಟಕ್ಕೆ ಕಟ್ಕೊಂಡು, ಮಿಷಿನ್ ಮೇಲೆ ಇಟ್ಟು ಅಲ್ಲ.

ಚೌಕಿಪೇಟೆ_ಬಿಟ್ಟವಳು:

ಸರ್, ನಾಲ್ಕು ದಿನ ಸೀರೆ ನೆರಿಗೆಗೆ ಚಿಕ್ಕ ಪರ್ಸ್ ಸಿಕ್ಕಿಸ್ಕೊಂಡು ಅದ್ರಲ್ಲಿ ಫೋನ್ ಇಟ್ಕೊಂಡು ಓಡಾಡಿದೆ, ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಕೆರೆಗೆ ಹೋದ ದಿನ 6,900 ಹೆಜ್ಜೆ, ಅದ್ರಲ್ಲಿ ಕೆರೇದೇ 4,000. ಹೋಗ್ದೇ ಇದ್ದ ಭಾನುವಾರ 2,300. ಅಂದ್ರೆ ಕೆರೆ ತೆಗ್ದು ಬಿಟ್ರೆ ನಾನು ನಡೆಯೋದೇ ಇಲ್ಲ.

ಹಳೇ ಮನೆ ಲೆಕ್ಕಕ್ಕೆ ಮೊನ್ನೆ ಗುಡಿಗೆ ಹೋದಾಗ ಗಾಡಿ ನಿಲ್ಸಿ ಹಳೇ ದಾರೀಲಿ ಒಂದ್ಸಲ ನಡೆದೇ ನೋಡಿದೆ. ಸ್ಕೂಲಿಗೆ ಹೋಗಿ ಬರಾದು 1,500, ಅದು ದಿನಕ್ಕೆ ಮೂರು ಸಲ. ಮಾರ್ಕೆಟ್ 2,000. ಹಾಲು 600. ಮನೆಯೊಳಗೆ ಮೆಟ್ಲು, ನೀರು, ಮಹಡಿ ಮೇಲೆ ಬಟ್ಟೆ ಒಣಗ್ಸೋದು ಬೇರೆ. ಹತ್ತು ಸಾವಿರ ದಾಟುತ್ತೆ ಅನ್ಸುತ್ತೆ ಸರ್. ಯಾರೂ ಹೇಳದೇ, ಶೂ ಇಲ್ದೇ, ಹವಾಯಿ ಚಪ್ಪಲೀಲಿ.

ಮಿರ್ಚಿ ಅಣ್ಣಂಗೆ: ಕೆರೆ ಆದ್ಮೇಲೆ ದೋಸೆ ತಿನ್ನಲ್ಲ. ಗೆಳತಿಯರ ಜೊತೆ ಒಂದು ಟೀ, ಎರಡು ಬಿಸ್ಕೆಟ್. ವಾರಕ್ಕೊಂದ್ಸಲ ಮಿರ್ಚಿ. (ಎರಡು ಸಲ.)

ಮಿಲ್_ಕಾಲೋನಿ:

ಲೇಟಾಗಿ ಬಂದೆ. ‘ತಿನ್ನೋದು ಅಷ್ಟೇ’ ಅಂತ ಅಕ್ಕ ಹೇಳಿದ್ದನ್ನ ಎಲ್ರೂ ಸುಳ್ಳು ಅನ್ನೋ ಥರ ಮಾತಾಡ್ತಿದೀರಾ, ನನಗನ್ಸೋದು ಅದೇ ನಿಜ, ಅದೇ ಸಮಸ್ಯೆ.

ನಮ್ಮಪ್ಪ ಕಾಟನ್ ಮಿಲ್ಲಲ್ಲಿ ಇದ್ದೋರು, ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿದ್ದ ಕಾಲದಲ್ಲಿ. ಸೈರನ್ ಹೊಡೆದ್ರೆ ಮನೆಯಿಂದ ನಡ್ಕೊಂಡು ಹೋಗೋರು, ಎಂಟು ತಾಸು ಮಗ್ಗದ ಸಾಲಲ್ಲಿ ಆ ಕಡೆ ಈ ಕಡೆ ಓಡಾಟ, ಮತ್ತೆ ನಡ್ಕೊಂಡು ಬರೋರು. ಮೂರು ರೊಟ್ಟಿ, ಒಂದು ರಾಶಿ ಅನ್ನ, ಮೇಲೊಂದು ಗ್ಲಾಸ್ ಮಜ್ಜಿಗೆ. ಹೊಟ್ಟೆ ಅನ್ನೋದೇ ಇರ್ಲಿಲ್ಲ ಅಪ್ಪಂಗೆ. ಮಿಲ್ ನಿಂತ್ಮೇಲೆ ಒಂದು ಅಂಗಡೀಲಿ ಲೆಕ್ಕ ಬರೆಯೋಕೆ ಕುಂತ್ರು. ಕೆಲ್ಸ ಬದಲಾಯ್ತು, ತಟ್ಟೆ ಬದಲಾಗ್ಲಿಲ್ಲ. ಅವ್ವ ಮೂರೇ ರೊಟ್ಟಿ ಹಾಕ್ತಿದ್ಲು, ಅಪ್ಪ ಮೂರೇ ತಿಂತಿದ್ರು, ಹಸಿವೂ ಮೂರು ರೊಟ್ಟೀದೇ ಇತ್ತು. ಮೂರು ವರ್ಷದಲ್ಲಿ ಅಂಗಿ ಗುಂಡಿ ಹಾಕೋಕಾಗ್ತಿರ್ಲಿಲ್ಲ.

ಇದ್ರ ಮೇಲೂ ಒಂದು ಹಳೇ ಸ್ಟಡಿ ಇದೆ, ನಮ್ ದೇಶದ್ದೇ. 1956ರಲ್ಲಿ ಜೀನ್ ಮೇಯರ್ ಅನ್ನೋರು ಬಂಗಾಳದ ಸೆಣಬಿನ ಮಿಲ್ಲಲ್ಲಿ 213 ಜನರ ಊಟ, ತೂಕ, ಕೆಲಸ ಮೂರನ್ನೂ ನೋಡಿದ್ರು. ಮೈ ಬಗ್ಗಿಸಿ ದುಡಿಯೋರು ಕೆಲಸ ಜಾಸ್ತಿ ಆದ ಹಾಗೆ ಜಾಸ್ತಿ ತಿಂತಿದ್ರು, ತೂಕ ಮಾತ್ರ ಹೆಚ್ಚು ಕಮ್ಮಿ ಅಷ್ಟೇ. ವಿಚಿತ್ರ ಇದ್ದಿದ್ದು ಕುಂತ್ಕೊಂಡೇ ಇರೋರಲ್ಲಿ, ಅಂಗಡಿ ಇಟ್ಕೊಂಡೋರು, ಮೇಲ್ವಿಚಾರಣೆ ಮಾಡೋರು. ಅವರ ಕೆಲ್ಸ ಕಮ್ಮಿ, ಹಂಗಾದ್ರೆ ಊಟ ಕಮ್ಮಿ ಇರ್ಬೇಕಲ್ಲ? ಇಲ್ಲ, ದುಡಿಯೋರಿಗೆ ಸಮ ತಿಂತಿದ್ರು, ತೂಕಾನೂ ಜಾಸ್ತಿ. ಅಂದ್ರೆ ಓಡಾಟ ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಹಸಿವೆಗೆ ಸುದ್ದೀನೇ ಮುಟ್ಟಲ್ಲ, ಅದು ಹಳೇ ಲೆಕ್ಕದಲ್ಲೇ ಊಟ ಕೇಳ್ತಾ ಇರುತ್ತೆ.

ಅಕ್ಕ ಚೌಕಿಪೇಟೆಯ ಓಡಾಟ ಬಿಟ್ಟು ಬಂದ್ರು, ಚೌಕಿಪೇಟೆಯ ಹಸಿವೆ ಜೊತೇಲಿ ಬಂತು. ಮಿರ್ಚಿ ಬಾಯಿದೇ ತಪ್ಪು ಅಂತಾರೆ, ಅದಲ್ಲ, ಸುಮ್ನೆ ಬೈಬೇಡಿ.

ದುರ್ಗದ_ಹುಡುಗ:

ನಮ್ಮ ಚಿತ್ರದುರ್ಗಕ್ಕೆ ಬಂದ್ಬಿಡಿ, ಏಳು ಸುತ್ತಿನ ಕೋಟೆ ಐತೆ, ಬೆಳಿಗ್ಗೆ ಮೇಲಕ್ಕೆ ಹತ್ತಿ ಇಳಿದ್ರೆ ಯಾವ ಫೋನೂ ಬೇಡ 💪 ನಿಮ್ ದಾವಣಗೆರೆ ಮಟ್ಟಸ ಊರು, ಏರೇ ಇಲ್ಲ, ಹಾಗಾಗಿ ಎಲ್ರೂ ಬೆಣ್ಣೆ ದೋಸೆ ಥರ ಹರಡ್ಕೊಂಡಿದೀರಾ. ಜೋಕ್ ಕಣ್ರೀ. ಆದ್ರೆ ಒಂದ್ ನಿಜ ಹೇಳ್ತೀನಿ, ಕೋಟೆ ಹತ್ತೋಕೆ ಬರೋರಲ್ಲೂ ಅರ್ಧ ಜನ ಬೈಕಲ್ಲೇ ಬಾಗ್ಲವರೆಗೂ ಬರ್ತಾರೆ, ಅರ್ಧ ಕಿಲೋಮೀಟರ್ ದೂರದ ಮನೆಯಿಂದ. ನಾನೂ.

ಮಿರ್ಚಿ_ಮಂಡಕ್ಕಿ:

ಮಿಲ್ ಕಾಲೋನಿ ಸಾರ್, ಒಳ್ಳೇ ಪಾಯಿಂಟು, ಆದ್ರೆ ನಾನೂ ಸುಮ್ನಿರೋನಲ್ಲ. ಆಫ್ರಿಕಾದ ತಾಂಜಾನಿಯಾದಲ್ಲಿ ಹಾಡ್ಜಾ ಅಂತ ಬೇಟೆ ಆಡ್ಕೊಂಡು ಗೆಡ್ಡೆ ಗೆಣಸು ಅಗೆದು ಬದುಕೋ ಜನ ಇದಾರೆ. ದಿನವೆಲ್ಲ ಕಾಡಲ್ಲಿ ಅಲೀತಾರೆ. ಹರ್ಮನ್ ಪಾಂಟ್ಸರ್ ಅನ್ನೋರ ತಂಡ 2012ರಲ್ಲಿ ಅವರು ದಿನಕ್ಕೆ ಒಟ್ಟು ಎಷ್ಟು ಕ್ಯಾಲರಿ ಖರ್ಚು ಮಾಡ್ತಾರೆ ಅಂತ ಅಳೆದ್ರು. ಮೈ ಗಾತ್ರ ಲೆಕ್ಕಕ್ಕೆ ತಗೊಂಡ್ರೆ ಅಮೆರಿಕಾ ಯುರೋಪಿನ ಆಫೀಸ್ ಜನಕ್ಕೂ ಅವ್ರಿಗೂ ವ್ಯತ್ಯಾಸಾನೇ ಇಲ್ಲ! ಅಂದ್ರೆ ನಡೆದಷ್ಟೂ ಮೈ ಬೇರೆ ಕಡೆ ಖರ್ಚು ಉಳಿಸುತ್ತೆ, ನಮ್ಮವ್ವ ಹಬ್ಬಕ್ಕೆ ಸೀರೆ ತಗೊಂಡ್ರೆ ಆ ತಿಂಗಳು ಎಣ್ಣೆ ಕಮ್ಮಿ ಹಾಕ್ತಾಳಲ್ಲ ಹಂಗೆ. ಹಾಡ್ಜಾ ಜನ ತೆಳ್ಳಗಿರೋದು ಅಲ್ಲಿ ಬೇಕರಿ ಇಲ್ಲ ಅಂತ. ಈಗ ಹೇಳಿ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು:

ಆ ಸ್ಟಡಿ ನಿಜ, ನಾನೂ ಓದಿದೀನಿ, ಅದನ್ನ ತಳ್ಳಿ ಹಾಕೋಕಾಗಲ್ಲ. ಅದಕ್ಕೇ ನಡಿಗೆಯಿಂದ ಇಷ್ಟೇ ಕೆಜಿ ಇಳಿಯುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬಬಾರ್ದು, ನನ್ನ ಮೇಲಿನ ಮೂರು ಕೆಜಿ ಲೆಕ್ಕಾನೂ ಸೇರಿಸಿ.

ಆದ್ರೆ ಇನ್ನೊಂದು ಪಕ್ಕ ಇಡ್ತೀನಿ. ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್, 1999ರಲ್ಲಿ 16 ಜನಕ್ಕೆ ಎಂಟು ವಾರ ದಿನಾ ಬೇಕಾಗಿದ್ದಕ್ಕಿಂತ 1,000 ಕ್ಯಾಲರಿ ಜಾಸ್ತಿ ತಿನ್ನಿಸಿದ್ರು. ಎಲ್ರಿಗೂ ಒಂದೇ ಸಮ ಜಾಸ್ತಿ. ಒಬ್ಬರಿಗೆ ಕಾಲು ಕೆಜಿ ಚಿಲ್ರೆ ಕೊಬ್ಬು ಏರಿದ್ರೆ ಇನ್ನೊಬ್ಬರಿಗೆ ನಾಲ್ಕು ಕೆಜಿ ಮೇಲೆ. ಯಾಕೆ ಅಂತ ನೋಡಿದ್ರೆ ಕಮ್ಮಿ ಏರಿದೋರು ಗೊತ್ತಿಲ್ದೇನೇ ಜಾಸ್ತಿ ಏಳೋದು, ನಿಲ್ಲೋದು, ಓಡಾಡೋದು ಮಾಡ್ತಿದ್ರು. ವ್ಯಾಯಾಮ ಅಲ್ಲ ಅದು. 2005ರಲ್ಲಿ ಮತ್ತೆ ನೋಡಿದಾಗ ದಪ್ಪ ಇರೋರು ತೆಳ್ಳಗಿರೋರಿಗಿಂತ ದಿನಕ್ಕೆ ಎರಡು ತಾಸಿನ ಮೇಲೆ ಜಾಸ್ತಿ ಕುಂತಿರ್ತಿದ್ರು. ದಪ್ಪ ಆಗಿದ್ದಕ್ಕೆ ಕುಂತ್ರಾ ಕುಂತಿದ್ದಕ್ಕೆ ದಪ್ಪ ಆದ್ರಾ ಅಂತ ನೀವು ಕೇಳ್ತೀರಿ ಅಂತ ಗೊತ್ತು, ಅದನ್ನೂ ನೋಡಿದಾರೆ, ತೂಕ ಇಳಿಸಿದ್ರೂ ಏರಿಸಿದ್ರೂ ಅವರ ಕುಂತ್ಕೊಳ್ಳೋ ಅಭ್ಯಾಸ ಬದಲಾಗ್ಲಿಲ್ಲ. (ಕಂಡಕ್ಟರ್ ಸಾಹೇಬ್ರೇ, ನಿಮ್ಮ ಲಂಡನ್ ಕತೆಗೂ ಈ ಪ್ರಶ್ನೆ ಕೇಳ್ಬಹುದು, ದಪ್ಪ ಇರೋರೇ ಡ್ರೈವರ್ ಕೆಲ್ಸಕ್ಕೆ ಹೋದ್ರೇನೋ ಅಂತ.)

ರೈಟ್_ರೈಟ್:

ನಮ್ ಡ್ರೈವರ್ ಸೇರ್ದಾಗ ಕಡ್ಡಿ ಥರ ಇದ್ದ ಮೇಷ್ಟ್ರೇ. ಫೋಟೋ ಐತೆ.

ಫಿಸಿಯೋ_ಅಕ್ಕ:

ನಾನು ಫಿಸಿಯೋಥೆರಪಿಸ್ಟ್, ದಿನಾ ಮೊಣಕಾಲು ನೋವು ಅಂತ ಬರೋರನ್ನೇ ನೋಡ್ತೀನಿ, ಅವ್ರಲ್ಲಿ ಮುಕ್ಕಾಲು ಜನ ಇದೇ ಕತೆ, ಮನೆ ಆಯ್ತು, ಗಾಡಿ ಬಂತು, ಕಾಲು ಹೋಯ್ತು. ಚೌಕಿಪೇಟೆ ಮೇಡಂ, ನಿಮ್ಮ ಎತ್ತರಕ್ಕೆ 72 ಅಂದ್ರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30. ನಮ್ಮ ಭಾರತೀಯರ ಮೈಗೆ 23 ದಾಟಿದ್ರೇ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಇಲ್ಲಿನ ಡಾಕ್ಟರುಗಳು ಲೆಕ್ಕ ಹಾಕ್ತಾರೆ, ಯಾಕೆ ಅಂದ್ರೆ ನಮ್ಗೆ ಕೊಬ್ಬು ಹೊಟ್ಟೆ ಸುತ್ತ ಬೇಗ ಸೇರುತ್ತೆ, ಶುಗರ್ ಬೇಗ ಬರುತ್ತೆ. ಅದಕ್ಕೇ ತೂಕಕ್ಕಿಂತ ಸೊಂಟ ಅಳೀರಿ, ನಿಮ್ಮ ಹತ್ರ ಟೈಲರ್ ಟೇಪ್ ಇದ್ದೇ ಇರುತ್ತೆ. ಹೆಂಗಸರಿಗೆ 80 ಸೆಂ.ಮೀ. ಒಳಗಿರ್ಬೇಕು, ಗಂಡಸರಿಗೆ 90. ಗಾಬರಿ ಆಗ್ಬೇಡಿ, ನೀವೊಬ್ರೇ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ಕರ್ನಾಟಕದ ಗಂಡಸರು ಹೆಂಗಸರು ಇಬ್ಬರಲ್ಲೂ ನೂರಕ್ಕೆ 30ರ ಹತ್ರ ಜನ ಬಿಎಂಐ 25ರ ಮೇಲಿದಾರೆ.

ಹತ್ತು ಸಾವಿರ ಹೆಜ್ಜೆ ಅಂತ ತಲೆ ಕೆಡ್ಸ್ಕೋಬೇಡಿ. ಅದು ಡಾಕ್ಟರು ಹೇಳಿದ್ದಲ್ಲ, 1964ರ ಟೋಕಿಯೋ ಒಲಿಂಪಿಕ್ಸ್ ಆದ್ಮೇಲೆ 1965ರಲ್ಲಿ ಜಪಾನಿನ ಕಂಪನಿ ಒಂದು ಹೆಜ್ಜೆ ಎಣಿಸೋ ಮೀಟರ್ ಮಾರೋಕೆ ಇಟ್ಟ ಹೆಸರು, ಮಾನ್ಪೊ-ಕೇ, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್. 2019ರಲ್ಲಿ ಬಂದ ಒಂದು ಸ್ಟಡೀಲಿ ಸರಾಸರಿ 72 ವಯಸ್ಸಿನ ಹೆಂಗಸರಲ್ಲಿ 4,400 ಹೆಜ್ಜೆ ಇಡೋರೇ 2,700 ಇಡೋರಿಗಿಂತ ಹೆಚ್ಚು ಬದುಕಿದ್ರು, 7,500ರ ಹತ್ರ ಲಾಭ ನಿಂತು ಬಿಡ್ತು. ನಿಮ್ಮ ಭಾನುವಾರದ 2,300 ನನಗೆ ಚಿಂತೆ, ಕೆರೆಯ ದಿನದ 6,900 ಅಲ್ಲ.

ಮಿರ್ಚಿ ಸರ್ ಹೇಳಿದ್ರಲ್ಲಿ ಅರ್ಧ ಒಪ್ತೀನಿ. ತೂಕ ಇಳಿಸೋಕೆ ತಟ್ಟೆ ದೊಡ್ಡದು, ನಡಿಗೆ ಸಣ್ಣದು. ಇಳಿದ ತೂಕ ಮತ್ತೆ ಏರದ ಹಾಗೆ ನೋಡ್ಕೊಳ್ಳೋಕೆ ಮಾತ್ರ ನಡಿಗೆ ಬೇಕೇ ಬೇಕು. ಅಮೆರಿಕದಲ್ಲಿ 1994ರಿಂದ ಒಂದು ಪಟ್ಟಿ ಇಟ್ಟಿದಾರೆ, 13-14 ಕೆಜಿ ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡೋರ್ದು, ಅವ್ರಲ್ಲಿ ಬಹಳ ಜನ ದಿನಕ್ಕೆ ಸುಮಾರು ಒಂದು ತಾಸು ಮೈ ಆಡಿಸ್ತಾರೆ, ಹೆಚ್ಚಿನೋರು ನಡೆಯೋದೇ. ಮೊಣಕಾಲಿಗೆ ಅಂತೂ ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ನಾಲ್ಕು ಕೆಜಿ ಭಾರ ಇಳಿದ ಹಾಗೆ.

ಕೆರೆ ಬಿಡ್ಬೇಡಿ, ಆದ್ರೆ ಗೆಳತಿಯರ ಜೊತೆ ಹರಟೆ ಹೊಡ್ಕೊಂಡು ಹೋಗೋ ಸ್ಪೀಡ್ ಸಾಲಲ್ಲ. ಮಾತಾಡೋಕೆ ಆಗ್ಬೇಕು, ಹಾಡು ಹೇಳೋಕೆ ಆಗ್ಬಾರ್ದು, ಅಷ್ಟು ಬಿರುಸು ಇರ್ಲಿ. ನಿಮ್ಮ 5.9ಕ್ಕೆ ನಾನು ಹೇಳೋ ಮುಖ್ಯ ಮಾತು ಬೇರೆ, ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡೀರಿ. ವಯಸ್ಸಾದೋರ ಮೇಲೆ 2013ರಲ್ಲಿ ನೋಡಿದಾಗ ಮೂರು ಊಟದ ನಂತರ ಹದಿನೈದು ಹದಿನೈದು ನಿಮಿಷ ನಡೆದಿದ್ದು, ರಾತ್ರಿ ಊಟದ ನಂತರದ ಶುಗರಿಗೆ, ಒಂದೇ ಸಲ ನಲವತ್ತೈದು ನಿಮಿಷ ನಡೆದಿದ್ದಕ್ಕಿಂತ ಚೆನ್ನಾಗಿ ಕೆಲ್ಸ ಮಾಡ್ತು. ನಮ್ಮ ಅಜ್ಜಿಯರು ಉಂಡ ಮೇಲೆ ನೂರು ಹೆಜ್ಜೆ ಹಾಕು ಅಂತಿದ್ದಿದ್ದೂ ಇದೇ. ಮತ್ತೆ ಮಿಷಿನ್ ಮುಂದೆ ಎರಡು ತಾಸು ಒಂದೇ ಸಮ ಕುಂತ್ಕೋಬೇಡಿ, ಒಂದು ಬ್ಲೌಸಿಗೆ ಒಂದ್ಸಲ ಏಳಿ. ನೀರಿನ ಕೊಡ ಹೊರೋದು ಹೋಯ್ತಲ್ಲ, ಅದೂ ಮಾಂಸಖಂಡಕ್ಕೆ ಬೇಕಿತ್ತು, ವಾರಕ್ಕೆ ಎರಡು ದಿನ ಏನಾದ್ರೂ ಭಾರ ಎತ್ತಿ, ಅಕ್ಕಿ ಚೀಲಾನೇ ಸಾಕು. ಎದೆ ನೋವು, ತಲೆ ಸುತ್ತು ಏನಾದ್ರೂ ಇದ್ರೆ ಮೊದ್ಲು ಡಾಕ್ಟರಿಗೆ ತೋರ್ಸಿ.

ಚೌಕಿಪೇಟೆ_ಬಿಟ್ಟವಳು:

ಅಕ್ಕ ಥ್ಯಾಂಕ್ಸ್, ಎಲ್ರಿಗೂ ಥ್ಯಾಂಕ್ಸ್. ಸೊಂಟ ಅಳೆದೆ, 94. ಬೇರೆಯೋರ ಸೊಂಟ ಅಳೆದು ಬರೆದು ಬರೆದು ನನ್ನದು ಅಳೆದಿರಲೇ ಇಲ್ಲ ನೋಡಿ.

ಏಳು ವಾರ ಆದ್ಮೇಲೆ ಬರೀತಿದೀನಿ. ಗಾಡಿ ಕೀ ಅತ್ತೆ ಹತ್ರ ಕೊಟ್ಟಿದೀನಿ, ಎರಡು ಕಿಲೋಮೀಟರ್ ಒಳಗಿನ ಕೆಲ್ಸಕ್ಕೆ ಕೀ ಕೇಳಂಗಿಲ್ಲ ಅಂತ ಒಪ್ಪಂದ. ಮೊದಲ ವಾರ ಬಹಳ ಕಷ್ಟ ಆಯ್ತು, ಕಾಲಿಗಲ್ಲ, ಜನಕ್ಕೆ ಹೇಳೋಕೆ. ನಡ್ಕೊಂಡು ಹೋಗ್ತಿದ್ರೆ ಗಾಡಿ ನಿಲ್ಸಿ ಯಾಕ್ರೀ ಗಾಡಿ ಕೆಟ್ಟಿದೆಯಾ, ಬನ್ನಿ ಬಿಡ್ತೀನಿ ಅಂತಾರೆ. ಒಬ್ರು ಮನೆಯವರ ವ್ಯಾಪಾರ ಹೆಂಗಿದೆ ಅಂತ ಕೇಳಿದ್ರು! ಶೂ ಹಾಕ್ಕೊಂಡು ಕೆರೆ ಮೇಲೆ ನಡೆದ್ರೆ ಮರ್ಯಾದೆ, ಚೀಲ ಹಿಡ್ಕೊಂಡು ರೋಡಲ್ಲಿ ನಡೆದ್ರೆ ಬಡತನ. ಫುಟ್‌ಪಾತ್ ಮೇಲೆ ಪಾನಿಪುರಿ ಗಾಡಿ, ಬೈಕು, ಕೆಳಗಿಳಿದ್ರೆ ಆಟೋ, ಅದ್ರ ಬಗ್ಗೆ ಬೇರೆ ದಿನ ಬರೀತೀನಿ. ಬಿಸ್ಲು ಜಾಸ್ತಿ ಅಂತ ಮಾರ್ಕೆಟ್ಟನ್ನ ಬೆಳಿಗ್ಗೆಗೆ ಹಾಕ್ಕೊಂಡಿದೀನಿ.

ರಾತ್ರಿ ಊಟ ಆದ್ಮೇಲೆ ನಾನು, ಮಗಳು ಲೇಔಟಲ್ಲೇ ಎರಡು ಸುತ್ತು. ಅವಳು ಎಂಟನೇ ಕ್ಲಾಸು, ವ್ಯಾನಲ್ಲಿ ಹೋಗಿ ವ್ಯಾನಲ್ಲಿ ಬರ್ತಾಳೆ, ಅವಳ ಹೆಜ್ಜೆ ಎಣಿಸಿದ್ರೆ ನನಗಿಂತ ಕಮ್ಮಿ ಇತ್ತು, ಅದು ನೋಡಿ ನನ್ನ ತೂಕದ ಚಿಂತೆ ಮರೆತೇಹೋಯ್ತು. ರೊಟ್ಟಿ ಎರಡೇ, ಅನ್ನ ಒಂದು ಸೌಟು ಬಿಟ್ಟಿದೀನಿ, ಟೀ ಜೊತೆ ಬಿಸ್ಕೆಟ್ ಬಿಟ್ಟಿದೀನಿ.

ಈಗ ದಿನಕ್ಕೆ 9,000 ಬರ್ತಿದೆ, ಭಾನುವಾರ 6,000. ತೂಕ 70.6. ಸೊಂಟ 91.

ಮಿರ್ಚಿ_ಮಂಡಕ್ಕಿ:

ಅಕ್ಕ, ಶಭಾಷ್! ಆದ್ರೆ ಒಂದ್ ಕೆಜಿ ನಾನೂರು ಗ್ರಾಂ ಇಳಿದಿದ್ದು ಸೌಟು ಅನ್ನ, ಬಿಸ್ಕೆಟ್ಟಿಂದ ಅಂತ ನಾನು ಇವತ್ತೂ ಹೇಳ್ತೀನಿ.

ಚೌಕಿಪೇಟೆ_ಬಿಟ್ಟವಳು:

ಇರ್ಬಹುದು ಅಣ್ಣ, ವಾದ ಮಾಡಲ್ಲ. ಮಿರ್ಚಿ ಮಾತ್ರ ಬಿಟ್ಟಿಲ್ಲ, ವಾರಕ್ಕೆ ಒಂದು. ಅದಕ್ಕೂ ನಡ್ಕೊಂಡೇ ಹೋಗ್ತೀನಿ.

ರೈಟ್_ರೈಟ್:

ತಂಗಿ, ರೈಲ್ವೆ ಗೇಟ್ ದಾಟಿ ಮಾರ್ಕೆಟ್ಟಿಗೆ ಬರ್ತೀಯಾ? ಗೇಟ್ ಹಾಕಿದ್ರೆ ಹುಷಾರು, ಎಲ್ರೂ ಬಗ್ಗಿ ನುಗ್ತಾರೆ ಅಂತ ನೀನು ನುಗ್ಬೇಡ. ಐದು ನಿಮಿಷ ನಿಂತ್ಕೋ. ನಾನೂ ಅಲ್ಲೇ ಎಲ್ಲಾದ್ರೂ ನಿಂತಿರ್ತೀನಿ, ನಾಳೆಯಿಂದ ಮೊಮ್ಮಗನ್ನ ಸ್ಕೂಲಿಗೆ ನಡೆಸ್ಕೊಂಡೇ ಬಿಡ್ತೀನಿ ಅಂತ ಮಗಳಿಗೆ ಹೇಳಿದೀನಿ.